ಏಳು ದಿನದಿಂದ ಕಾಯುತ್ತಿದ್ದೇನೆ, ವಲಸೆ ಬಾತುಗಳು ಬರುತ್ತಿಲ್ಲ. ಇನ್ನಷ್ಟು ಡಿಕಾಯ್ (ನೀರಿನಲ್ಲಿ ತೇಲಿಬಿಡುವ ನಕಲಿ ಬಾತು) ಕೊಳ್ಳಲೇ, ಉತ್ತರಕ್ಕೆ ಹೋಗಲೇ?

ಅಮೆರಿಕದ ಮಿಸೌರಿ, ಬಾತು ಬೇಟೆಯ ಎರಡನೇ ಸೀಸನ್, ಹತ್ತು ದಿನ ರಜೆ. ಏಳು ದಿನ ಖಾಲಿ ಆಕಾಶ ನೋಡಿದ್ದೀರಿ. ಇನ್ನೆರಡು ಡಜನ್ ಡಿಕಾಯ್ ತರಲೇ, ಸೌತ್ ಡಕೋಟಾಕ್ಕೆ ಗಾಡಿ ಹೊಡೆಯಲೇ ಅಂತ ಕೇಳಿದ್ದೀರಿ. ಎರಡೂ ಬೇಡ. ನಿಮ್ಮ ಪ್ರಶ್ನೆಯಲ್ಲಿ ನನ್ನ ಕಣ್ಣಿಗೆ ಬಿದ್ದದ್ದು ಬೇರೆ ಸಾಲು: "ದಿನಾ ಬೆಳಿಗ್ಗೆ ಹೋಗುತ್ತೇನೆ, ಅಲ್ಲೇ ಇರುವ ಲೋಕಲ್ ಬಾತು ಒಂದೋ ಎರಡೋ ಸಿಗುತ್ತವೆ." ಮಾರಾಯ್ರೇ, ಅದನ್ನು ನಾಳೆಯಿಂದಲೇ ನಿಲ್ಲಿಸಿ. 2014ರಲ್ಲಿ ನಾನು ಮಾಡಿದ್ದೂ ಅದನ್ನೇ. ನನ್ನ ಇಡೀ ಸೀಸನ್ ಅದರಿಂದಲೇ ಹಾಳಾಯಿತು.

ನಾನು ಮಲೆನಾಡಿನವನು. ಮನೆಯಲ್ಲಿ ಕೋವಿ ಇತ್ತು, ತೋಟದ ರಕ್ಷಣೆಗೆ ಅಂತ ಲೈಸೆನ್ಸ್ ಪಡೆದದ್ದು. ಚುನಾವಣೆ ಬಂದಾಗಲೆಲ್ಲ ಅಪ್ಪ ಅದನ್ನು ಠಾಣೆಗೆ ಒಪ್ಪಿಸಿ ಬರುತ್ತಿದ್ದರು. 1972ರ ಕಾನೂನು ಬಂದ ಮೇಲೆ ನಮ್ಮ ಮನೆಯಲ್ಲಿ ಯಾರೂ ಶಿಕಾರಿಗೆ ಹೋಗಲಿಲ್ಲ. ಅಜ್ಜನ ಬಾಯಲ್ಲಿ ಮರಸಿನ ಕಥೆ ಮಾತ್ರ ಉಳಿದಿತ್ತು. ಮರಸು ಅಂದರೆ ಸೊಪ್ಪಿನ ಮರೆಯಲ್ಲಿ ಉಸಿರು ಬಿಗಿಹಿಡಿದು ಕೂತು ಕಾಯುವುದು. ಇಲ್ಲಿನವರು ಬ್ಲೈಂಡ್ ಅನ್ನುತ್ತಾರಲ್ಲ, ಅದೇ. ಮಿಸೌರಿಗೆ ಬಂದ ಮೇಲೆ ಆಫೀಸಿನ ಗೆಳೆಯನೊಬ್ಬ ಮೊದಲ ಸಲ ಬ್ಲೈಂಡಿನಲ್ಲಿ ಕೂರಿಸಿದ. ಬೆಳಕು ಹರಿಯುವ ಮೊದಲು ತಲೆಯ ಮೇಲೆ ರೆಕ್ಕೆಯ ಸಿಳ್ಳು ಕೇಳಿಸಿತು. ಅಜ್ಜ ಇದನ್ನು ಕೇಳಿಸಿಕೊಳ್ಳಬೇಕಿತ್ತು ಅನ್ನಿಸಿ ಗಂಟಲು ಕಟ್ಟಿತು. ಅಲ್ಲಿಂದ ಪ್ರತಿ ನವೆಂಬರ್ ನನ್ನದು ಇದೇ ಕಥೆ.

2014 ನನ್ನ ಮೂರನೇ ಸೀಸನ್. ನಾವು ಮೂವರು ಸೇರಿ ಶಾರಿಟನ್ ಕೌಂಟಿಯಲ್ಲಿ, ಸಮ್ನರ್ ಊರಿನ ಹತ್ತಿರ ಒಂದು ಹೊಂಡ ಗೇಣಿಗೆ ಹಿಡಿದೆವು. ಸಮ್ನರ್ ಗೊತ್ತಲ್ವಾ? ತನ್ನನ್ನು ಜಗತ್ತಿನ ಹೆಬ್ಬಾತು ರಾಜಧಾನಿ ಅಂತ ಕರೆದುಕೊಳ್ಳುವ ಪುಟ್ಟ ಊರು. ಸುಮಾರು 40 ಅಡಿ ಎತ್ತರದ ಹೆಬ್ಬಾತಿನ ಪ್ರತಿಮೆ ನಿಲ್ಲಿಸಿದ್ದಾರೆ, ಹೆಸರು ಮ್ಯಾಕ್ಸಿ. ಪಕ್ಕದಲ್ಲೇ ಸ್ವಾನ್ ಲೇಕ್ ವನ್ಯಜೀವಿ ಆಶ್ರಯ. ನಮ್ಮ ಹೊಂಡ ಅಂದರೆ ಮೆಕ್ಕೆಜೋಳದ ಹೊಲದ ತಗ್ಗು ಮೂಲೆ, ಮೊಣಕಾಲುದ್ದ ನೀರು. ಹೊಲದ ಯಜಮಾನ ಎಪ್ಪತ್ತು ದಾಟಿದ ರೈತ. ಅರ್ಧ ಮೈಲಿ ಪಶ್ಚಿಮಕ್ಕೆ ಅವನದೇ ಇನ್ನೊಂದು ಹೊಂಡ ಇತ್ತು. ಅದನ್ನು ಯಾರಿಗೂ ಗೇಣಿಗೆ ಕೊಟ್ಟಿರಲಿಲ್ಲ.

ಹಿಂದಿನ ವರ್ಷ ನವೆಂಬರ್ ಮೊದಲ ವಾರವೇ ನನಗೆ ಒಳ್ಳೆಯ ಬೇಟೆ ಸಿಕ್ಕಿತ್ತು. ಹಾಗಾಗಿ ನವೆಂಬರ್ 1ರಿಂದ 10ರವರೆಗೆ ರಜೆ ಹಾಕಿದೆ. ಮೊದಲ ದಿನ ಹೋದಾಗ ಹೊಂಡದಲ್ಲಿ ಮಲಾರ್ಡ್ ಜಾತಿಯ ಕಾಡುಬಾತು ಇಪ್ಪತ್ತೈದರಷ್ಟು ಇದ್ದವು. ಸುತ್ತಲಿನ ನೀರಿನಲ್ಲೇ ಬೇಸಿಗೆ ಕಳೆದ ಲೋಕಲ್ ಗುಂಪು. ಅವತ್ತು ಮೂರು ಹೊಡೆದೆವು. ಮರುದಿನ ಎರಡು. ಮೂರನೇ ದಿನ ಮತ್ತೆ ಎರಡು. ಐದನೇ ದಿನಕ್ಕೆ ಒಂದು ಜೋಡಿ ದೂರದಲ್ಲಿ ಸುತ್ತು ಹಾಕಿ ಹೋಯಿತು. ಆರರಿಂದ ಹತ್ತರವರೆಗೆ ಸೊನ್ನೆ. ದಕ್ಷಿಣದ ಬೆಚ್ಚನೆ ಗಾಳಿ, ತಿಳಿ ನೀಲಿ ಆಕಾಶ, ಬ್ಲೈಂಡಿನಲ್ಲಿ ಜಾಕೆಟ್ ಬಿಚ್ಚಿ ಕೂತೆವು. ನಡುವೆ ನಾನೂ ಅಂಗಡಿಗೆ ಹೋಗಿ ಎರಡು ಡಜನ್ ಡಿಕಾಯ್ ತಂದೆ. ಬ್ಯಾಟರಿಯಲ್ಲಿ ರೆಕ್ಕೆ ತಿರುಗಿಸುವ ಡಿಕಾಯ್ ಒಂದನ್ನೂ ತಂದೆ.

ರಜೆ ಮುಗಿದ ದಿನವೇ ಹವಾಮಾನ ತಿರುಗಿತು. ಆ ವರ್ಷದ ಚಳಿ ನಿಮಗೆ ನೆನಪಿರಬಹುದು. ನೂರಿ ಅನ್ನುವ ಪೆಸಿಫಿಕ್ ಚಂಡಮಾರುತದ ಅವಶೇಷ ಬೇರಿಂಗ್ ಸಮುದ್ರದಲ್ಲಿ ಮತ್ತೆ ಜೋರಾಗಿ, ಅದರ ಒತ್ತಡಕ್ಕೆ ಧ್ರುವದ ಕಡೆಯ ಚಳಿಗಾಳಿ ಅಮೆರಿಕದ ನಡುಭಾಗಕ್ಕೆ ನುಗ್ಗಿತ್ತು. ಮ್ಯಾನೇಜರ್‌ನ ಕಾಡಿ ಬೇಡಿ ಸಂಬಳವಿಲ್ಲದ ರಜೆ ಎರಡು ದಿನ ತೆಗೆದುಕೊಂಡೆ. 11ರ ಬೆಳಿಗ್ಗೆ ಬ್ಲೈಂಡಿನಲ್ಲಿದ್ದೆ. ಬೆಳಕಾಗುತ್ತಿದ್ದಂತೆ ವಾಯುವ್ಯದಿಂದ ಗೆರೆ ಗೆರೆಯಾಗಿ ಬರತೊಡಗಿದವು. ಬಹಳ ಎತ್ತರದಲ್ಲಿ, ಒಂದರ ಹಿಂದೆ ಒಂದು ಗುಂಪು. ನಾನು ಅಷ್ಟೊಂದು ಬಾತು ಒಟ್ಟಿಗೆ ಹಿಂದೆಂದೂ ನೋಡಿರಲಿಲ್ಲ, ಆಮೇಲೂ ನೋಡಿಲ್ಲ.

ಒಂದು ಗುಂಪು ನಮ್ಮ ಹೊಂಡದ ಮೇಲೆ ರೆಕ್ಕೆ ಮಡಚಿ ಇಳಿಯತೊಡಗಿತು. ಒಂದು ಸುತ್ತು. ಎರಡನೇ ಸುತ್ತು. ಗಂಡುಗಳ ಹಸಿರು ತಲೆ ಕಾಣುವಷ್ಟು ಕೆಳಗೆ ಬಂದವು. ಆಮೇಲೆ ಮೇಲೆದ್ದು ಪಶ್ಚಿಮಕ್ಕೆ ಹೋಗಿ ರೈತನ ಹೊಂಡದಲ್ಲಿ ಇಳಿದವು. ಮುಂದಿನ ಗುಂಪೂ ಹಾಗೇ. ಅದರ ಮುಂದಿನದೂ ಹಾಗೇ. ಬೆಳಿಗ್ಗೆ ಇಡೀ ಇದೇ ನಡೆಯಿತು. 12ಕ್ಕೂ ಇದೇ. ವಾರಾಂತ್ಯದ ಹೊತ್ತಿಗೆ ನಮ್ಮ ಹೊಂಡ ಮಂಜುಗಡ್ಡೆ ಕಟ್ಟಿತು, ಬಾತುಗಳು ಅರ್ಕಾನ್ಸಾ ಕಡೆ ಹೊರಟುಹೋದವು.

12ರ ಮಧ್ಯಾಹ್ನವೇ ರೈತನ ಮನೆಗೆ ಹೋಗಿ ಕೇಳಿದ್ದೆ, ನಿಮ್ಮ ಹೊಂಡದಲ್ಲಿ ಏನು ಹಾಕಿದ್ದೀರಿ ಅಂತ. ಅವನು ಏನೂ ಹೇಳದೆ ಟ್ರಕ್ ಹತ್ತಿಸಿಕೊಂಡು ರಸ್ತೆಗೆ ಕರೆದುಕೊಂಡು ಹೋಗಿ ದುರ್ಬೀನು ಕೊಟ್ಟ. ನೀರು ಕಾಣದಷ್ಟು ಬಾತು. "ನಿನ್ನ ಗುಂಪು ನಾಲ್ಕನೇ ದಿನ ಇಲ್ಲಿಗೆ ಬಂತು. ಸೀಸನ್ ಶುರುವಾದಾಗಿನಿಂದ ನಾನು ಈ ನೀರಿನ ಹತ್ತಿರ ಕಾಲಿಟ್ಟಿಲ್ಲ" ಅಂದ. ಅಷ್ಟೇ ಮಾತು.

ನನ್ನ ತಪ್ಪು ಏನು ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಉದ್ದವಾದರೂ ಓದಿ, ಯಾಕೆಂದರೆ ಎಲ್ಲರೂ ಇದನ್ನು ರಜೆಯ ತಪ್ಪು ಅಂದುಕೊಳ್ಳುತ್ತಾರೆ. ನನ್ನ ಗೆಳೆಯರು ಇವತ್ತಿಗೂ "ಒಂದು ವಾರ ತಡೆದು ರಜೆ ಹಾಕಬೇಕಿತ್ತು" ಅನ್ನುತ್ತಾರೆ. ಬಾತು ಬಂದ ದಿನ ನಾನು ಅಲ್ಲೇ ಇದ್ದೆನಲ್ಲ! ಕೋವಿ ಕೈಯಲ್ಲಿತ್ತು, ಗಾಳಿ ಸರಿ ಇತ್ತು, ಡಿಕಾಯ್ ನಾಲ್ಕು ಡಜನ್ ಇದ್ದವು. ಆದರೂ ಇಳಿಯಲಿಲ್ಲ.

ನಾರ್ತ್ ಡಕೋಟಾದ ಬಿಸ್ಮಾರ್ಕ್‌ನಿಂದ ಸಮ್ನರ್‌ಗೆ ನೇರ ಹಾರಿದರೆ ಸುಮಾರು ಸಾವಿರ ಕಿಲೋಮೀಟರ್. ಹಿಂದಿನಿಂದ ಗಾಳಿ ತಳ್ಳುತ್ತಿದ್ದರೆ ಮಲಾರ್ಡ್ ಇದನ್ನು ಒಂದೇ ರಾತ್ರಿಯಲ್ಲಿ ದಾಟಬಲ್ಲದು. ಬೆಳಿಗ್ಗೆ ಅದು ಬರುವುದು ಹಸಿದು, ದಣಿದು. ಊರು ಹೊಸದು. ಯಾವ ನೀರಿನಲ್ಲಿ ಇಳಿದರೆ ಜೀವಕ್ಕೆ ಅಪಾಯವಿಲ್ಲ ಅಂತ ಅದಕ್ಕೆ ಹೇಗೆ ಗೊತ್ತಾಗಬೇಕು? ಕೆಳಗೆ ಬೇರೆ ಬಾತುಗಳು ನೆಮ್ಮದಿಯಾಗಿ ಕೂತಿವೆಯೇ ಅಂತ ನೋಡುತ್ತದೆ. ನೆಮ್ಮದಿಯಾಗಿ ಅನ್ನುವುದು ಮುಖ್ಯ. ಬಾಲ ಮೇಲೆ ಮಾಡಿ ತಿನ್ನುವುದು, ರೆಕ್ಕೆ ಕೊಡವುವುದು, ಗೊಣಗುಟ್ಟುವುದು, ನೀರಿನಲ್ಲಿ ಸಣ್ಣ ಅಲೆ ಏಳುವುದು. ಪ್ಲಾಸ್ಟಿಕ್ ಡಿಕಾಯ್ ಇದರಲ್ಲಿ ಯಾವುದನ್ನೂ ಮಾಡುವುದಿಲ್ಲ. ಇಪ್ಪತ್ತೈದು ಲೋಕಲ್ ಮಲಾರ್ಡ್ ಎಲ್ಲವನ್ನೂ ಮಾಡುತ್ತವೆ. ಸಂಜೆ ಮೆಕ್ಕೆಜೋಳದ ಹೊಲಕ್ಕೆ ಹೋಗಿ ವಾಪಸ್ ಬರುವಾಗ ಹೊಸಬರನ್ನು ಬೆನ್ನಿಗೆ ಕಟ್ಟಿಕೊಂಡು ಬರುತ್ತವೆ. ಜೀವಂತ ಬಾತುಗಳನ್ನು ಕಟ್ಟಿಹಾಕಿ ಡಿಕಾಯ್ ಮಾಡುವುದನ್ನು ಅಮೆರಿಕ 1935ರಲ್ಲೇ ನಿಷೇಧಿಸಿದ್ದು ಯಾಕೆ? ಅವು ಅಷ್ಟು ಚೆನ್ನಾಗಿ ಕೆಲಸ ಮಾಡುತ್ತಿದ್ದವು. ತಾವಾಗಿ ಬಂದು ಕೂತ ಕಾಡುಬಾತುಗಳಿಗೆ ಆ ನಿಷೇಧವಿಲ್ಲ. ನನ್ನ ಹೊಂಡದಲ್ಲಿ ಅಂಥ ಇಪ್ಪತ್ತೈದು ಇದ್ದವು. ಏಳನ್ನು ಹೊಡೆದೆವು, ಉಳಿದವನ್ನು ಓಡಿಸಿದೆವು. ಓಡಿಹೋದವು ರೈತನ ಹೊಂಡದಲ್ಲಿ ಕೂತು ಹೊಸಬರನ್ನೆಲ್ಲ ಅಲ್ಲಿಗೆ ಕರೆದವು.

ಹೊಡೆಯುವುದಷ್ಟೇ ತೊಂದರೆ ಅಂದುಕೊಳ್ಳಬೇಡಿ. ಬೆಳಿಗ್ಗೆ ನಾಲ್ಕಕ್ಕೆ ತಲೆದೀಪ ಹಾಕಿಕೊಂಡು ನೀರಿಗಿಳಿಯುತ್ತೀರಲ್ಲ, ಮಲಗಿದ್ದ ಬಾತುಗಳು ಆಗಲೇ ಎದ್ದು ಹೋಗುತ್ತವೆ. ದಿನಾ ಹೀಗಾದರೆ ಹಗಲಿಗೆ ಆಶ್ರಯದ ಕೆರೆ, ರಾತ್ರಿಗೆ ಹೊಲ ಅಂತ ಅವು ದಿನಚರಿ ಬದಲಾಯಿಸುತ್ತವೆ. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಒಂದು ಜನವರಿಯಲ್ಲಿ ಹೋಗಿದ್ದೆ. ಅಲ್ಲಿ ಪಟ್ಟೆತಲೆ ಹೆಬ್ಬಾತುಗಳು ಹಗಲೆಲ್ಲ ಕೆರೆಯಲ್ಲಿ ಸುಮ್ನೆ ಕೂತಿರುತ್ತವೆ, ಕತ್ತಲಾದ ಮೇಲೆ ಶೇಂಗಾ, ಕಡಲೆ ಹೊಲಗಳಿಗೆ ಹೋಗುತ್ತವೆ. ಹಗಲಿಗೆ ಅಂಥ ತಾಣ ಒಂದು ಸಿಕ್ಕರೆ ಅದನ್ನು ಬಿಡುವುದಿಲ್ಲ. ನಿಮ್ಮ ಹೊಂಡ ಅಂಥ ಜಾಗ ಆಗಿರಬೇಕು, ಕನಿಷ್ಠ ವಾರದ ಐದು ದಿನವಾದರೂ.

ಇನ್ನು "ಈ ಸಲ ಬಾತುಗಳು ತಡವಾಗಿವೆ" ಅಂದಿರಿ. ನಾನು ಇದನ್ನು ಒಪ್ಪುವುದಿಲ್ಲ. ನೀಲಿರೆಕ್ಕೆಯ ಟೀಲ್ ದಿನದ ಬೆಳಕು ಕಡಿಮೆಯಾಗುತ್ತಿದ್ದಂತೆ ಹೊರಡುವ ಹಕ್ಕಿ, ಸೆಪ್ಟೆಂಬರಿನಲ್ಲೇ ಮಿಸೌರಿ ದಾಟುತ್ತದೆ. ಮಲಾರ್ಡ್ ಹಾಗಲ್ಲ. ತಿನ್ನಲು ಕಾಳು, ಇಳಿಯಲು ಗಡ್ಡೆ ಕಟ್ಟದ ನೀರು ಇರುವವರೆಗೂ ಅದು ಉತ್ತರದಲ್ಲೇ ಇರುತ್ತದೆ. ಮಿಸೌರಿಯ ಬಾತು ಎಣಿಕೆಯ ಲೆಕ್ಕ ಇಟ್ಟುಕೊಂಡು 2010ರಲ್ಲಿ ಪ್ರಕಟವಾದ ಸಂಶೋಧನೆಯೂ ಇದನ್ನೇ ಹೇಳಿತು. ದಿನದ ಸರಾಸರಿ ಉಷ್ಣತೆ, ಸತತ ಎಷ್ಟು ದಿನ ಅದು ಸೊನ್ನೆಗಿಂತ ಕೆಳಗಿತ್ತು, ಹಿಮ ಎಷ್ಟು ದಪ್ಪ, ಅದು ಎಷ್ಟು ದಿನ ನಿಂತಿತು, ಇವೆಲ್ಲ ಸೇರಿ ಅವನ್ನು ಹೊರಡಿಸುತ್ತವೆ. ಬರೀ ಒಂದು ಚಳಿ ರಾತ್ರಿ ಸಾಲದು. ಮೆಕ್ಕೆಜೋಳದ ಕೂಳೆ ಹಿಮದಲ್ಲಿ ಮುಚ್ಚಿಹೋಗಬೇಕು. ಹಾಗಾಗಿ ನಿಮ್ಮ ಊರಿನ ಹವಾಮಾನ ನೋಡುವುದು ಬಿಡಿ. ಬಿಸ್ಮಾರ್ಕ್, ಅಬರ್ಡೀನ್, ಪಿಯರ್, ಉತ್ತರದ ಈ ಡಕೋಟಾ ಊರುಗಳದ್ದು ನೋಡಿ.

ರೈತ ನನಗೆ 1995ರ ಕಥೆ ಹೇಳಿದ್ದ. ಆ ನವೆಂಬರ್ ಮೊದಲ ದಿನಗಳಲ್ಲಿ ಉತ್ತರದ ಬಾತುಗಳೆಲ್ಲ ಒಮ್ಮೆಗೇ ಹೊರಟವು. ಒಮಾಹಾ, ಕ್ಯಾನ್ಸಸ್ ಸಿಟಿಯ ರೇಡಾರ್ ತುಂಬಾ ಹಕ್ಕಿಗಳೇ ತುಂಬಿ ವಿಮಾನಗಳನ್ನು ನಿಲ್ಲಿಸಬೇಕಾಯಿತು. ಹಿಂದಿನ ವಾರ ಬೇಟೆಗಾರರು ಖಾಲಿ ಆಕಾಶ ನೋಡಿ ಬೇಸತ್ತಿದ್ದರಂತೆ. ನೀವು ಈಗ ಕೂತಿರುವ ಹಾಗೆ.

ಡಿಕಾಯ್ ಬಗ್ಗೆ ಇನ್ನು ಹೇಳುವುದೇನಿಲ್ಲ, ಇರುವ ಒಂದೂವರೆ ಡಜನ್ ಸಾಕು. ಸೌತ್ ಡಕೋಟಾದಲ್ಲಿ ಹೊರ ರಾಜ್ಯದವರಿಗೆ ಬಾತು ಬೇಟೆಯ ಲೈಸೆನ್ಸ್ ಲಾಟರಿಯಲ್ಲಿ ಬರುತ್ತದೆ. ಮೊದಲೇ ಅರ್ಜಿ ಹಾಕಿರಬೇಕು, ಈಗ ಹೋಗಿ ಕೇಳಿದರೆ ಸಿಗುವುದು ಕಷ್ಟ.

ಎಚ್-1ಬಿಯಲ್ಲಿ ಇದ್ದೀರಿ ಅಂತ ಬರೆದದ್ದರಿಂದ ಇದೊಂದನ್ನು ಸೇರಿಸುತ್ತೇನೆ. ಈ ವೀಸಾದವರು ಸಾಮಾನ್ಯವಾಗಿ ಕೋವಿ ಇಟ್ಟುಕೊಳ್ಳುವಂತಿಲ್ಲ. ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್ ಇದ್ದರೆ ವಿನಾಯಿತಿ ಇದೆ. ಅದರ ಅವಧಿ ಮುಗಿದರೆ ಆ ವಿನಾಯಿತಿಯ ಆಧಾರವೂ ಹೋಗುತ್ತದೆ. ಮಿಸೌರಿಯ ವಾರ್ಷಿಕ ಬೇಟೆ ಪರ್ಮಿಟ್ ಫೆಬ್ರವರಿ ಕೊನೆಗೆ ಮುಗಿಯುತ್ತದೆ. ಕೋವಿ ಮನೆಯಲ್ಲೇ ಇರುತ್ತದೆ ಅಂತಾದರೆ ಆ ತಾರೀಖು ಮರೆಯಬೇಡಿ, ವಕೀಲರನ್ನೂ ಒಮ್ಮೆ ಕೇಳಿಕೊಳ್ಳಿ.

ಈಗ ಮಾಡಬೇಕಾದ್ದು. ಉಳಿದ ಮೂರು ದಿನದ ರಜೆ ವಾಪಸ್ ಕೊಡಿ, ಇವತ್ತೇ ಮ್ಯಾನೇಜರ್ ಹತ್ತಿರ ಮಾತಾಡಿ. ಯಾವ ದಿನ ಅಂತ ಎರಡು ದಿನ ಮುಂಚೆ ಹೇಳುತ್ತೇನೆ ಅನ್ನಿ, ಒಪ್ಪುತ್ತಾರೆ. ಹೊಂಡದ ಹತ್ತಿರ ಹೋಗಬೇಡಿ. ಬ್ಲೈಂಡ್ ಸರಿ ಮಾಡಲೂ ಹೋಗಬೇಡಿ. ಸಂಜೆ ರಸ್ತೆಯಲ್ಲಿ ಕಾರು ನಿಲ್ಲಿಸಿ ದುರ್ಬೀನಿನಲ್ಲಿ ನೋಡಿ, ಎಣಿಸಿ, ಬರೆದಿಡಿ. ಓಡಿಹೋದವು ನಾಲ್ಕೈದು ದಿನದಲ್ಲಿ ಒಂದೊಂದಾಗಿ ವಾಪಸ್ ಬರಬಹುದು. ಬಂದರೆ ಮುಟ್ಟಬೇಡಿ. ಡಕೋಟಾದಲ್ಲಿ ಹಿಮ ಬಿದ್ದು, ವಾಯುವ್ಯ ಗಾಳಿ ಬೀಸಿ, ಸಂಜೆಯ ಎಣಿಕೆ ಒಂದೇ ಸಲ ಏರಿದಾಗ ರಜೆ ಹೇಳಿ. ಹೋದ ದಿನವೂ ಹತ್ತು ಗಂಟೆಯೊಳಗೆ ಎದ್ದು ಬನ್ನಿ. ಮಧ್ಯಾಹ್ನ ಅವು ವಾಪಸ್ ಬಂದು ಕೂರಲು ಬಿಡಿ. ದಿನಕ್ಕೆ ನಾಲ್ಕು ಮಲಾರ್ಡ್ ಮಿತಿ ಇದೆ ಅಂತ ನಾಲ್ಕೂ ಹೊಡೆಯಲೇಬೇಕಾಗಿಲ್ಲ.

2015ರಲ್ಲಿ ನಾನು ಅದೇ ಹೊಂಡಕ್ಕೆ ಸೀಸನ್ ಶುರುವಾಗಿ 19 ದಿನ ಕಾಲಿಡಲಿಲ್ಲ. ಗೆಳೆಯರಿಬ್ಬರೂ ಸಿಟ್ಟಾದರು, ಗೇಣಿ ದುಡ್ಡು ದಂಡ ಅಂದರು. ಸಂಜೆ ಸಂಜೆ ರಸ್ತೆಯಲ್ಲಿ ನಿಂತು ಎಣಿಸಿದೆ. ಹನ್ನೊಂದು, ಹದಿನಾಲ್ಕು, ಮೂವತ್ತು. ಇಪ್ಪತ್ತನೇ ದಿನ ಒಳಗೆ ಹೋದೆವು. ಮೊದಲ ಗುಂಪು ಒಂದು ಸುತ್ತೂ ಹಾಕದೆ ನೇರ ನಮ್ಮ ಮುಂದೆ ನೀರಿಗೆ ಬಿತ್ತು. ನಾನು ಕೋವಿ ಎತ್ತುವುದನ್ನೇ ಮರೆತು ನೋಡುತ್ತಾ ಕೂತೆ.

ನಿಮ್ಮ ಹೊಂಡ ಯಾವ ಕೌಂಟಿಯಲ್ಲಿದೆ, ರಸ್ತೆಯಿಂದ ನೀರು ಕಾಣುತ್ತದೆಯೇ ಅಂತ ಬರೆಯಿರಿ. ಪಕ್ಕದಲ್ಲಿ ಯಾರೂ ಹೊಡೆಯದ ನೀರು ಇದೆಯೇ ಅನ್ನುವುದನ್ನೂ ಬರೆಯಿರಿ, ನಿಮ್ಮ ಲೋಕಲ್ ಗುಂಪು ಈಗ ಬಹುಶಃ ಅಲ್ಲೇ ಇದೆ.