ತಂಡ ಬಿಟ್ಟುಹೋದವನ ಮೇಲಿನ ಸಿಟ್ಟು: ಒಂದು ಆಪ್ತಸಲಹೆ ಪ್ರಕರಣ

(ಗುರುತು ಸಿಗಬಾರದೆಂದು ಹೆಸರು, ಊರು ಮತ್ತು ಕೆಲವು ವಿವರ ಬದಲಿಸಿದ್ದೇನೆ. ಬರೆಯಲು ತಂಡದವರ ಒಪ್ಪಿಗೆ ಇದೆ.)

ರಮಾಕಾಂತ ಎಂದು ಕರೆಯೋಣ. ಅಂಕೋಲಾ ಕಡೆಯವರು, ವಯಸ್ಸು ಐವತ್ತರ ಹತ್ತಿರ. ಹಗಲು ಅಂಗಡಿ, ಸೀಸನ್ನಿನಲ್ಲಿ ರಾತ್ರಿ ರಸಮಂಜರಿ. ತಂಡ ಕಟ್ಟಿದವರೂ ಅವರೇ, ಕೀಬೋರ್ಡ್ ನುಡಿಸುವವರೂ ಅವರೇ. ನನ್ನ ಬಳಿ ಕರೆತಂದದ್ದು ಹೆಂಡತಿ. “ಇವರಿಗೆ ನಿದ್ದೆ ಇಲ್ಲ ಅಕ್ಕೋರೆ. ಊಟಕ್ಕೆ ಕೂತ್ರೂ ಆ ಹುಡುಗನದ್ದೇ ಸುದ್ದಿ” ಎಂದರು.

ಆ ಹುಡುಗ ತಂಡದಲ್ಲಿ ರಿದಂ ಪ್ಯಾಡ್ (ಎಲೆಕ್ಟ್ರಾನಿಕ್ ತಾಳವಾದ್ಯ) ನುಡಿಸುತ್ತಿದ್ದವ. ಹತ್ತು ವರ್ಷ ಜೊತೆಗಿದ್ದು, ದೀಪಾವಳಿ ಕಳೆದ ಮೇಲೆ ಗೋವಾದ ಹೋಟೆಲೊಂದರಲ್ಲಿ ತಿಂಗಳ ಸಂಬಳಕ್ಕೆ ಸೇರಿದ. ಅದೇ ಹೊತ್ತಿಗೆ ಮುಖ್ಯ ಗಾಯಕಿ ಮದುವೆಯಾಗಿ ಹುಬ್ಬಳ್ಳಿಗೆ ಹೋದಳು. ಆಕೆಯ ಮದುವೆಯಲ್ಲಿ ರಮಾಕಾಂತ ಮನೆಯವರಂತೆ ಓಡಾಡಿದರು, ಸೀರೆ ಉಡುಗೊರೆ ಕೊಟ್ಟರು. ಪ್ಯಾಡಿನವನನ್ನು ಮಾತ್ರ ಸುದ್ದಿ ತಿಳಿದ ರಾತ್ರಿಯೇ ವಾಟ್ಸಾಪ್ ಗುಂಪಿನಿಂದ ತೆಗೆದುಹಾಕಿದರು. ಅವನಿಗೆ ಸಲ್ಲಬೇಕಿದ್ದ ಎರಡು ಕಾರ್ಯಕ್ರಮಗಳ ದುಡ್ಡನ್ನೂ ಕೊಡಲಿಲ್ಲ. “ಉಂಡ ಮನೆಗೆ ಎರಡು ಬಗೆದ” ಎಂಬುದೇ ಅವರ ಮಾತು.

ಇಡೀ ಪ್ರಕರಣದಲ್ಲಿ ನನಗೆ ಮುಖ್ಯವೆನಿಸಿದ್ದು ಈ ವ್ಯತ್ಯಾಸ. ಮದುವೆಯಾಗಿ ಹೋಗುವವಳನ್ನು ಕಳಿಸಿಕೊಡಲು ನಮ್ಮಲ್ಲಿ ಶಾಸ್ತ್ರವಿದೆ. ಮಡಿಲು ತುಂಬುತ್ತೇವೆ, ಅತ್ತು ಹಗುರಾಗುತ್ತೇವೆ. ಹೊಟ್ಟೆಪಾಡಿಗೆ ಹೋಗುವವನಿಗೆ ಅಂಥದ್ದೇನೂ ಇಲ್ಲ. ಅಗಲಿಕೆಯ ಸಂಕಟ ಹೊರಬರಲು ದಾರಿ ಕಾಣದೆ ಸಿಟ್ಟಾಗಿ ಕೂತುಬಿಡುತ್ತದೆ. ಅವನೇನೋ ಗೋವಾದಲ್ಲಿದ್ದಾನೆ. ಸಿಟ್ಟು ತಟ್ಟುವುದು ಹೊಸದಾಗಿ ಬಂದವರಿಗೆ.

ತಟ್ಟಿಯೂ ಇತ್ತು. ಹಳಬನ ರೆಕಾರ್ಡಿಂಗ್ ಕೇಳಿಸಿ, ಅದರಂತೆಯೇ ನುಡಿಸು ಎಂದು ಹೊಸ ಹುಡುಗನಿಗೆ ತಾಕೀತು. ಒಂದು ಬಂಡಿಹಬ್ಬದ (ಊರ ದೇವಿಯ ಜಾತ್ರೆ) ಕಾರ್ಯಕ್ರಮದಲ್ಲಿ ರಮಾಕಾಂತ ಮಿಕ್ಸರಿನಲ್ಲಿ ಅವನ ಪ್ಯಾಡಿನ ದನಿ ಪೂರ್ತಿ ಇಳಿಸಿ, ಹಳಬ ನುಡಿಸಿಟ್ಟ ಟ್ರ್ಯಾಕ್ ಓಡಿಸಿದರು. ತಂಡದವರನ್ನೆಲ್ಲ ಒಟ್ಟಿಗೆ ಕೂರಿಸಿದ ದಿನ ಆ ಹುಡುಗ ತಲೆ ತಗ್ಗಿಸಿಕೊಂಡೇ ಹೇಳಿದ: “ಕೈ ನಂದು ಅಲ್ಲಾಡ್ತಿತ್ತು ಅಣ್ಣ, ಸೌಂಡು ಅವರದ್ದು ಬರ್ತಿತ್ತು. ಎದುರಿಗೆ ನನ್ನ ಅಪ್ಪ ಕೂತಿದ್ರು.” ಯಾರೂ ಮಾತಾಡಲಿಲ್ಲ. ಹೊಸ ಗಾಯಕಿಯದ್ದು ಇನ್ನೊಂದು ಪಾಡು. ಅವಳ ಶ್ರುತಿ ಕಪ್ಪು ಮೂರು. ಹಳಬಳದ್ದು ಅದಕ್ಕಿಂತ ಎತ್ತರದ ಕಪ್ಪು ಐದು. ಶ್ರುತಿ ಇಳಿಸುವುದು ಕೀಬೋರ್ಡಿನಲ್ಲಿ ಬಟನ್ ಒತ್ತಿದರೆ ಮುಗಿಯುವ ಕೆಲಸ. ‘ಹಾಡಿನ ಏರು ಹೋಗ್ತದೆ’ ಎಂದು ರಮಾಕಾಂತ ಒಪ್ಪಿರಲಿಲ್ಲ. ಅವಳ ಗಂಟಲು ಕಟ್ಟಿತ್ತು.

ಅದಕ್ಕೂ ಮೊದಲು, ರಮಾಕಾಂತ ಒಬ್ಬರೇ ಬಂದಿದ್ದಾಗ, ಹಳೆ ಪ್ಯಾಡಿನವ ತಂಡಕ್ಕೆ ಬಂದ ಮೊದಲ ದಿನದ ಬಗ್ಗೆ ಕೇಳಿದ್ದೆ. ಹೇಳುತ್ತ ಹೇಳುತ್ತ ನನ್ನ ಮೇಜಿನ ಅಂಚಿನ ಮೇಲೆ ಬೆರಳಿನಿಂದ ಅವನ ತಾಳದ ನಡೆಯನ್ನೇ ಬಾರಿಸತೊಡಗಿದರು. ನಡುವೆ ಕೈ ನಿಂತಿತು, ಕಣ್ಣು ತುಂಬಿತು. ಹುಡುಗನ ಮೇಲೆ ಅವರಿಗೆ ಎಷ್ಟು ಪ್ರೀತಿಯಿತ್ತೆಂದು ನನಗೆ ತಿಳಿದದ್ದು ಆಗ. ಅಂದು ಸಲಹೆ ಏನೂ ಕೊಡಲಿಲ್ಲ; ಅಳಲು ಬಿಟ್ಟೆ.

ಯಕ್ಷಗಾನದ ಮಾತು ತೆಗೆದದ್ದು ಮುಂದಿನ ಸಲ. ನಮ್ಮ ಜಿಲ್ಲೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಒಂದು ತಿರುಗಾಟ (ಊರೂರು ಸುತ್ತಿ ಆಡುವ ವರ್ಷದ ಸೀಸನ್) ಮುಗಿದರೆ ಕಲಾವಿದರು ಮೇಳ ಬದಲಿಸುತ್ತಾರೆ, ಅದನ್ನು ದ್ರೋಹ ಎನ್ನುವವರಿಲ್ಲ. ಅದೇ ಪ್ರಸಂಗದ ಅದೇ ಪದ್ಯವನ್ನು ಹೊಸ ಭಾಗವತರು ತಮ್ಮ ಶ್ರುತಿಯಲ್ಲಿ, ತಮ್ಮ ಶೈಲಿಯಲ್ಲಿ ಹಾಡುತ್ತಾರೆ. 1934ರಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು ಕಟ್ಟಿದ ಇಡಗುಂಜಿ ಮೇಳ ಮಗ ಶಂಭು ಹೆಗಡೆಯವರಿಗೆ, ಆಮೇಲೆ ಮೊಮ್ಮಗ ಶಿವಾನಂದ ಹೆಗಡೆಯವರಿಗೆ ದಾಟಿಬಂದಿದೆ. ಪ್ರತಿಯೊಬ್ಬರೂ ಹಿಂದಿನವರನ್ನೇ ನಕಲು ಮಾಡಿದ್ದರೆ ಮೇಳ ಇಷ್ಟು ದೂರ ಬರುತ್ತಿತ್ತೇ ಎಂದು ಕೇಳಿದೆ. ಅವರು ಬಹಳ ಹೊತ್ತು ಸುಮ್ಮನಿದ್ದು, “ಆ ಟ್ರ್ಯಾಕ್ ಹಾಕಬಾರದಿತ್ತು” ಎಂದರು.

ಸಲಹೆಯಲ್ಲಿ ದುಡ್ಡಿನ ಮಾತೇ ಮೊದಲು. ಹಳಬನ ಬಾಕಿ ಈ ವಾರವೇ ಕೊಡಿ. ದುಡ್ಡು ಇಟ್ಟುಕೊಂಡು ಮನಸ್ಸು ತಿಳಿಯಾಗುವುದಿಲ್ಲ. ಆಮೇಲೆ ಅವನನ್ನು ಮನೆಗೆ ಕರೆದು ಊಟ ಹಾಕಿ, ತಂಡದವರೆಲ್ಲರ ಎದುರು ಶಾಲು ಹೊದೆಸಿ ಕಳಿಸಿಕೊಡಿ. ಹೊಸ ಹುಡುಗನ ಹತ್ತಿರ ಟ್ರ್ಯಾಕ್ ವಿಷಯಕ್ಕೆ ಕ್ಷಮೆ ಕೇಳಿ, ಅವನ ಅಪ್ಪನಿಗೂ ಒಂದು ಮಾತು ಹೇಳಿ. ಮಳೆಗಾಲದಲ್ಲಿ ಚೌತಿ ಬರುವವರೆಗೆ ಕಾರ್ಯಕ್ರಮಗಳ ಅಡ್ವಾನ್ಸ್ ಹಿಡಿಯಬೇಡಿ, ಆ ತಿಂಗಳುಗಳೆಲ್ಲ ಪ್ರಾಕ್ಟೀಸಿಗೆ ಇರಲಿ. ಹಾಡಿನ ಪಟ್ಟಿ ಅರ್ಧಕ್ಕೆ ಇಳಿಸಿ, ಪ್ರತಿ ಹಾಡಿನ ಮುಂದೆ ಈಗ ಹಾಡುವವರ ಶ್ರುತಿ ಬರೆಯಿರಿ. ಬಿಡುವವರು ಎಷ್ಟು ದಿನ ಮೊದಲು ತಿಳಿಸಬೇಕು, ಕಾರ್ಯಕ್ರಮದ ದುಡ್ಡಿನಲ್ಲಿ ಯಾರಿಗೆ ಎಷ್ಟು ಎಂಬುದೂ ಬರಹದಲ್ಲಿರಲಿ.

ನಿದ್ದೆಯ ವಿಷಯ ಬೇರೆ. ಎರಡು ವಾರ ಕಳೆದರೂ ನಿದ್ದೆ ಬಾರದೆ, ಯಾವುದರಲ್ಲೂ ಮನಸ್ಸು ನಿಲ್ಲದೆ ಹೋದರೆ ಡಾಕ್ಟರರನ್ನು ಕಾಣಲೇಬೇಕು ಎಂದೆ. ರಾತ್ರಿ ಹೊತ್ತು ಸಂಕಟವಾದರೆ ಮಾನಸಿಕ ಆರೋಗ್ಯದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಲು ಹೆಂಡತಿಗೂ ಹೇಳಿದೆ. ಅದರ ಅಗತ್ಯ ಬೀಳಲಿಲ್ಲ.

ಬಾಕಿ ಸಂದಿದೆ, ಊಟವೂ ಆಗಿದೆ. ಹೊಸ ಗಾಯಕಿ ಇನ್ನೂ ಅಳುಕುತ್ತಾಳೆ. ಅವಳಿಗೆ ಸಮಯ ಬೇಕು. ಚೌತಿಗೆ ರಜೆಯಲ್ಲಿ ಬರುವ ಹಳಬ ಒಂದು ಹಾಡಿಗೆ ಪ್ಯಾಡ್ ನುಡಿಸಲೇ ಎಂದು ಕೇಳಿದ್ದಾನಂತೆ. ರಮಾಕಾಂತರಿಗೆ ತುಂಬ ಆಸೆ. ಈ ವರ್ಷ ಬೇಡ ಎಂದಿದ್ದೇನೆ. ಅವನು ಎದುರಿನ ಸಾಲಿನಲ್ಲಿ ಕೂತು ಕೇಳಲಿ; ಹೊಸ ಹುಡುಗನಿಗೆ ಒಂದು ಸೀಸನ್ ಪೂರ್ತಿ ಅವನದೇ ಆಗಿ ಸಿಗಲಿ.