ಬಸ್ಸು ಹತ್ತದವರ ಕಡೆಯಿಂದ ನೋಡಿ

ಹಾಸನ ಕಡೆಯ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯೊಂದರ, ಅಂದರೆ ಚರ್ಚಿನ ಭಕ್ತವೃಂದದ, ಸ್ತ್ರೀ ಸಂಘದ ಸಹೋದರಿಯೊಬ್ಬರು ಬರೆದಿದ್ದಾರೆ: "ನಮ್ಮ ಸಭೆಯಿಂದ ವರ್ಷಕ್ಕೊಂದು ಪ್ರವಾಸ ಹೋಗುತ್ತೇವೆ. ಪ್ರತಿ ಸಲ ಅದೇ ನಾಲ್ಕಾರು ಮನೆಯವರು. ಈ ಸಲ ತಲೆಗೆ 1,200 ರೂಪಾಯಿ ಅಂದಾಗ ಅರ್ಧ ಬಸ್ಸೂ ತುಂಬಲಿಲ್ಲ. ಜನಕ್ಕೆ ಆಸಕ್ತಿಯೇ ಇಲ್ಲ, ನಿಲ್ಲಿಸಿಬಿಡೋಣ ಅಂತ ಕಮಿಟಿಯವರು. ಸಭೆ ಇರೋದು ಆರಾಧನೆಗೆ, ಟೂರಿಗಲ್ಲ ಅಂತ ಹಿರಿಯರು. ಬಸ್ಸಿನಲ್ಲಿ ಸಿನಿಮಾ ಹಾಡು ಹಾಕಬಹುದಾ ಅನ್ನೋದು ಇನ್ನೊಂದು ಜಗಳ. ನೀವೇನಂತೀರಿ?"

ಪ್ರಿಯ ಸಹೋದರಿ, ವಂದನೆಗಳು.

ಮೊದಲು ಹಿರಿಯರ ಮಾತು. ಲೂಕನ ಸುವಾರ್ತೆಯ 2ನೇ ಅಧ್ಯಾಯ ತೆಗೆದು ಅವರ ಕೈಗೆ ಕೊಡಿ. ಯೆಹೂದ್ಯರ ಪಸ್ಕ ಹಬ್ಬಕ್ಕೆ ಯೋಸೇಫ, ಮರಿಯ ವರ್ಷವರ್ಷವೂ ಯೆರೂಸಲೇಮಿಗೆ ಹೋಗುತ್ತಿದ್ದರು. ಜೊತೆಗೆ ನೆಂಟರು, ಪರಿಚಯದವರು, ದೊಡ್ಡ ಗುಂಪು. ಹನ್ನೆರಡು ವರ್ಷದ ಮಗ ಯೇಸು ಗುಂಪಿನಲ್ಲೇ ಎಲ್ಲೋ ಇದ್ದಾನೆ ಅಂದುಕೊಂಡು ಒಂದು ದಿನದ ದಾರಿ ನಡೆದೇಬಿಟ್ಟರು. ಊರವರೆಲ್ಲ ಸೇರಿ ಹೋಗಿಬರೋದು ಆಗಲೇ ಇತ್ತು, ಅಲ್ವಾ? ಬಸ್ಸು ಹೊರಡುವ ಮುಂಚೆ ತಲೆ ಎಣಿಸಬೇಕು ಅನ್ನೋದಕ್ಕೂ ಅದೇ ಅಧ್ಯಾಯ ಸಾಕು.

ಇನ್ನು ಕಮಿಟಿಯವರ "ಆಸಕ್ತಿ ಇಲ್ಲ". ಇದನ್ನು ನಾನು ಒಪ್ಪಲ್ಲ. ನಾಲ್ಕು ಜನರ ಮನೆಗೆ 4,800 ರೂಪಾಯಿ ಆಗುತ್ತೆ. ಕಾಫಿ ತೋಟದಲ್ಲಿ ದಿನಗೂಲಿ ಮಾಡುವವರು ಅದರ ಮೇಲೆ ಆ ದಿನದ ಕೂಲಿಯನ್ನೂ ಬಿಡಬೇಕು. "ದುಡ್ಡಿಲ್ಲ" ಅಂತ ಚರ್ಚಿನ ಬಾಗಿಲಲ್ಲಿ ನಿಂತು ಯಾರು ಹೇಳುತ್ತಾರೆ? "ಮನೇಲಿ ಕೆಲಸ ಇದೆ" ಅಂತಾರೆ. ವಯಸ್ಸಾದವರಿಗೆ ಇರುವ ಭಯ ದಾರಿಯಲ್ಲಿ ಶೌಚಾಲಯ ಸಿಗುತ್ತೋ ಇಲ್ಲವೋ ಅನ್ನೋದು. ಅದನ್ನೂ ಬಾಯಿಬಿಟ್ಟು ಹೇಳಲ್ಲ. ಬಾರದವರ ಮನೆಗೆ ನಿಮ್ಮ ಸಂಘದಿಂದ ಇಬ್ಬರು ಹೋಗಿ, ಒಂದು ಲೋಟ ಕಾಫಿ ಕುಡಿದು, ಸಮಾಧಾನವಾಗಿ ಕೇಳಿ. ಪ್ಲಾನು ಅಲ್ಲಿಂದ ಶುರುವಾಗಲಿ.

ದುಡ್ಡಿನ ವಿಷಯಕ್ಕೆ ಒಂದು ದಾರಿ ಇದೆ. ತಲೆಗೆ ಇಷ್ಟು ಅಂತ ಕೂಗಬೇಡಿ. ಒಟ್ಟು ಖರ್ಚು ಇಷ್ಟು ಅಂತ ಹೇಳಿ, ಮನೆಗೊಂದು ಕವರ್ ಕೊಡಿ. ಆದಷ್ಟು ಹಾಕಲಿ. ಯಾವ ಕವರಿನಲ್ಲಿ ಎಷ್ಟಿತ್ತು ಅನ್ನೋದು ಖಜಾಂಚಿಗೂ ತಿಳಿಯಬೇಕಿಲ್ಲ, ಹೆಸರು ಬರೆಸಲೇಬೇಡಿ. ಕಡಿಮೆ ಬಿದ್ದರೆ ಬಸ್ಸಿನ ಬದಲು ಹತ್ತಿರದ ಜಾಗ. ಹೋಗಿಬಂದ ಮುಂದಿನ ಭಾನುವಾರ ಆರಾಧನೆ ಮುಗಿದ ಮೇಲೆ ಲೆಕ್ಕ ಓದಿಬಿಡಿ. ಡ್ರೈವರ್ ಭತ್ಯೆ, ಟೋಲ್, ಟೀ, ಎಲ್ಲ.

ಹತ್ತಿರದ ಜಾಗಕ್ಕೆ ನಿಮಗೇನು ಬರ? ಶೆಟ್ಟಿಹಳ್ಳಿ ಇದೆ. 1860ರ ದಶಕದಲ್ಲಿ ಫ್ರೆಂಚ್ ಮಿಷನರಿಗಳು ಕಟ್ಟಿದ ಚರ್ಚು, ಮಳೆಗಾಲದಲ್ಲಿ ಹೇಮಾವತಿ ಹಿನ್ನೀರಿನಲ್ಲಿ ಅರ್ಧ ಮುಳುಗುತ್ತೆ. ಬೇಸಿಗೆಯಲ್ಲಿ ಒಂದು ಬೆಳಗಿನ ಪ್ರಾರ್ಥನೆಗೆ, ತಿಂಡಿಗೆ ಸಾಕಷ್ಟಾಯಿತು. ಗೋಡೆ ಶಿಥಿಲವಾಗಿದೆ, ಮಕ್ಕಳನ್ನು ಬುಡಕ್ಕೆ ಬಿಡಬೇಡಿ. ನೀರಿಗಂತೂ ಯಾರೂ ಇಳಿಯೋದು ಬೇಡ, ಈಜು ಬರುವವರೂ ಸೇರಿ.

ದೂರವೇ ಹೋಗಬೇಕು ಅಂದರೆ ಮಂಗಳೂರಿಗೆ ರೈಲಿನಲ್ಲಿ ಹೋಗಿ. ಶೌಚಾಲಯದ ಚಿಂತೆ ಇಲ್ಲ. ಸಕಲೇಶಪುರ ದಾಟಿದ ಮೇಲೆ ಐವತ್ತಕ್ಕೂ ಜಾಸ್ತಿ ಸುರಂಗ, ಮಕ್ಕಳು ಒಂದೊಂದಕ್ಕೂ ಕಿರುಚುತ್ತಾರೆ. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ ಭಾರತದಲ್ಲಿ ಕೆಲಸ ಶುರುಮಾಡಿದ್ದು ಅಲ್ಲೇ, 1834ರಲ್ಲಿ. ಆ ಮಿಷನ್ನಿನ ಮೋಗ್ಲಿಂಗ್ 1843ರಲ್ಲಿ ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' ಹೊರಡಿಸಿದ ಊರು. ಬಲ್ಮಠದ ಶಾಂತಿ ಕೆಥೆಡ್ರಲ್ ನೋಡಿ, ಅಲೋಶಿಯಸ್ ಚಾಪೆಲ್ಲಿನಲ್ಲಿ ಇಟಲಿಯ ಮೊಸ್ಕೇನಿ ಬರೆದ ಚಿತ್ರಗಳನ್ನು ಕತ್ತೆತ್ತಿ ನೋಡಿ. ಬೀಚು ಕೊನೆಗೆ.

ಒಂದು ಮಾತು ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ಹೆಂಗಸರು ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಪುಳಿಯೋಗರೆ ಕಲಸಿ, ಮೊಸರನ್ನ ತುಂಬಿ, ಅಲ್ಲಿ ಬಡಿಸಿ, ಬಂದು ಪಾತ್ರೆ ತೊಳೆಯೋದಾದರೆ ಅದು ಅವರಿಗೆ ಪ್ರವಾಸವೇ ಅಲ್ಲ. ಮೆಸ್ಸಿನಿಂದ ಊಟ ತರಿಸಿ. ಇಲ್ಲಾಂದ್ರೆ ಗಂಡಸರು ಮಾಡಲಿ, ಉಪ್ಪು ಹೆಚ್ಚಾದರೂ ತಿನ್ನೋಣ.

ಆದರೂ ನನ್ನನ್ನು ಕೇಳಿದರೆ, ಬಸ್ಸಿಗಿಂತ ಸುಗ್ಗಿ ಹಬ್ಬವೇ ಸಭೆಯನ್ನು ಚೆನ್ನಾಗಿ ಕೂಡಿಸುತ್ತೆ. ನಮ್ಮ ಹಾರ್ವೆಸ್ಟ್ ಫೆಸ್ಟಿವಲ್. ಅಲ್ಲಿ ಟಿಕೆಟ್ ಇಲ್ಲ. ಹಿತ್ತಲ ಬದನೆಕಾಯಿ, ಒಂದು ಸೇರು ರಾಗಿ, ನಾಲ್ಕು ಮೊಟ್ಟೆ, ಏನು ತಂದರೂ ಬಲಿಪೀಠದ ಮುಂದೆ ಜಾಗ ಇದೆ. ಆಮೇಲೆ ಹರಾಜು. ಕಾಲು ಕಟ್ಟಿದ ಹುಂಜವನ್ನು ಯುವಜನ ಸಂಘದ ಹುಡುಗ ಎತ್ತಿ ಹಿಡಿಯುತ್ತಾನೆ, ಅದು ರೆಕ್ಕೆ ಬಡಿದು ಅವನ ಬಿಳಿ ಶರ್ಟು ಕೆಡಿಸುತ್ತೆ. ಮುನ್ನೂರು ಅಂತ ಮೇಷ್ಟ್ರು, ಮುನ್ನೂರೈವತ್ತು ಅಂತ ಹಿಂದಿನ ಬೆಂಚು. ಕೊಂಡವರು ಅದನ್ನೇ ವಾಪಸ್ ಸಭೆಗೆ ಕೊಡುತ್ತಾರೆ, ಮತ್ತೆ ಹರಾಜು ಶುರು. ಪಾಸ್ಟರ್ ಅಯ್ಯನವರೂ ಕೂಗುತ್ತಾರೆ. ಮೊಟ್ಟೆ ತಂದ ಅಜ್ಜಿ ತನ್ನ ಮೊಟ್ಟೆ ಎಷ್ಟಕ್ಕೆ ಹೋಯಿತು ಅಂತ ಪಕ್ಕದವರನ್ನು ಎರಡೆರಡು ಸಲ ಕೇಳುತ್ತಾರೆ. ನಿಮ್ಮ ಸಭೆಯಲ್ಲಿ ಇದನ್ನು ಸುಮ್ನೆ ಅರ್ಧ ಗಂಟೆಯಲ್ಲಿ ಮುಗಿಸುತ್ತಿದ್ದರೆ, ಮಧ್ಯಾಹ್ನದ ಊಟದವರೆಗೂ ಎಳೆಯಿರಿ. ಆ ಊಟದಲ್ಲಿ ಕುಳಿತವರೇ ಮುಂದಿನ ಪ್ರವಾಸಕ್ಕೆ ಹೆಸರು ಕೊಡುತ್ತಾರೆ.

ಸಿನಿಮಾ ಹಾಡಿನ ಜಗಳ ತೀರಿಸೋದು ಸುಲಭ. ಹೋಗುವಾಗ ಕೀರ್ತನೆ, ಬರುವಾಗ ಅಂತ್ಯಾಕ್ಷರಿ. ಡ್ರೈವರ್ ಹಿಂದಿನ ಸೀಟು ಹಿರಿಯರಿಗೆ ಕೊಡಿ, ಕಡೆಯ ಸೀಟು ಹುಡುಗರಿಗೆ. ಅಲ್ಲಿ ಅವರು ಏನು ಹಾಡಿದರೂ ಎಂಜಿನ್ ಸದ್ದಿನಲ್ಲಿ ಮುಂದಕ್ಕೆ ಕೇಳಲ್ಲ.

— ಸಂಪಾದಕ