ಪ್ರತಿಕ್ರಿಯೆ: ಪರದೆಯೊಳಗಿನ ಕಪಾಟು ಹೊರಗಿನ ಕಪಾಟಿಗೆ ಕೂಡುತ್ತಿಲ್ಲವೇ?

ಪರದೆ ಗಾಜಿನಂತೆ ಪಾರದರ್ಶಕವಾಗಿ ಕಾಣಲೆಂದು ಲ್ಯಾಪ್‌ಟಾಪಿನ ಹಿಂದಿರುವ ಪುಸ್ತಕದ ಕಪಾಟಿನ ಚಿತ್ರ ತೆಗೆದು ವಾಲ್‌ಪೇಪರ್ ಮಾಡಿದರೂ ಪುಸ್ತಕಗಳೆಲ್ಲ ಚಿಕ್ಕದಾಗಿ ಕಾಣುತ್ತವೆ, ಗೆರೆಗಳು ಕೂಡುವುದಿಲ್ಲ ಎಂದು ಕೇಳಿದ್ದೀರಿ. ಬಹುಶಃ ನೀವು ಪರದೆ ಇದ್ದ ಜಾಗದಲ್ಲೇ ಕ್ಯಾಮೆರಾ ಹಿಡಿದಿದ್ದೀರಿ. ಕ್ಯಾಮೆರಾ ಇರಬೇಕಾದದ್ದು ನಿಮ್ಮ ಕಣ್ಣಿರುವ ಜಾಗದಲ್ಲಿ. ಅಲ್ಲಿಂದ ನೋಡಿದಾಗ ಪರದೆ ಮರೆಮಾಡುವ ಭಾಗವಷ್ಟೇ ವಾಲ್‌ಪೇಪರ್‌ಗೆ ಬೇಕು.

ಟ್ರೈಪಾಡ್ ಮೇಲೆ ಮೊಬೈಲನ್ನು ಕಣ್ಣಿನ ಎತ್ತರಕ್ಕೆ ನಿಲ್ಲಿಸಿ. ಲ್ಯಾಪ್‌ಟಾಪ್ ಇರುವಾಗ ಒಂದು ಚಿತ್ರ. ಮೊಬೈಲನ್ನು ಕದಲಿಸದೆ, ಜೂಮ್ ಬದಲಿಸದೆ, ಲ್ಯಾಪ್‌ಟಾಪ್ ತೆಗೆದು ಇನ್ನೊಂದು ಚಿತ್ರ. ಗಿಂಪ್‌ನಂತಹ ಚಿತ್ರ ತಿದ್ದುವ ತಂತ್ರಾಂಶದಲ್ಲಿ ಎರಡನ್ನೂ ಪದರಗಳಾಗಿ ಒಂದರ ಮೇಲೊಂದು ಇರಿಸಿ. ಮೊದಲನೆಯದರಲ್ಲಿ ಪರದೆಯ ನಾಲ್ಕು ಮೂಲೆಗಳು ಎಲ್ಲಿವೆ ಎಂದು ಗುರುತಿಸಿ, ಎರಡನೆಯದರಲ್ಲಿ ಅದೇ ಚೌಕಟ್ಟನ್ನು ಪರ್ಸ್ಪೆಕ್ಟಿವ್ ಸಾಧನದಿಂದ (ಇದರಲ್ಲಿ ಪ್ರತಿ ಮೂಲೆಯನ್ನೂ ಬೇರೆಬೇರೆಯಾಗಿ ಎಳೆಯಬಹುದು) ಎಳೆದು ನಿಮ್ಮ ಪರದೆಯ ಅಳತೆಗೆ, ಉದಾಹರಣೆಗೆ 1920×1080 ಪಿಕ್ಸೆಲ್‌ಗೆ, ಹೊಂದಿಸಿ. ಪರದೆ ಹಿಂದಕ್ಕೆ ವಾಲಿರುವುದರಿಂದ ಅದು ಚಿತ್ರದಲ್ಲಿ ನೇರ ಆಯತವಾಗಿರುವುದಿಲ್ಲ. ಆದ್ದರಿಂದ ಬರೀ ಕತ್ತರಿಸಿದರೆ ಸಾಲದು. ಈ ಕೆಲಸದ ಜೀವವೇ ಇಲ್ಲಿದೆ, ತಾಳ್ಮೆಯಿಂದ ಮಾಡಿ.

ಬಣ್ಣ ಹೊಂದದಿದ್ದರೆ ಪರದೆಗೆ ಹಳದಿ ಛಾಯೆ ಕೊಡುವ ರಾತ್ರಿ ಬೆಳಕಿನ (ನೈಟ್ ಲೈಟ್) ಆಯ್ಕೆಯನ್ನು ಆಫ್ ಮಾಡಿ, ಪರದೆಯ ಪ್ರಖರತೆಯನ್ನು ಕೋಣೆಯ ಬೆಳಕಿಗೆ ತಕ್ಕಂತೆ ತಗ್ಗಿಸಿ. ಐಕಾನ್‌ಗಳನ್ನೂ ಟಾಸ್ಕ್‌ಬಾರನ್ನೂ ಮರೆಮಾಡಿ.

ತಲೆ ಸ್ವಲ್ಪ ಸರಿದರೂ ಗೆರೆಗಳು ತಪ್ಪುತ್ತವೆ. ಅದು ನಿಮ್ಮ ದೋಷವಲ್ಲ, ಈ ಭ್ರಮೆ ಒಂದೇ ಬಿಂದುವಿನಿಂದ ನೋಡಿದಾಗ ಮಾತ್ರ ಪೂರ್ಣ. ಒಂದು ಕಣ್ಣು ಮುಚ್ಚಿ ನೋಡಿ, ಅಥವಾ ಟ್ರೈಪಾಡ್ ಇದ್ದ ಜಾಗದಿಂದಲೇ ಫೋಟೊ ತೆಗೆಯಿರಿ.